ಗಂಟಲಿಲ್ಲದವನ ಸರದಿ

ಜನವರಿ 6

ಪ್ರೀತಿಯ ತಮ್ಮಾ,

ಕರ್ತನಲ್ಲಿ ವಂದನೆಗಳು. ಆಪರೇಷನ್ ಚೆನ್ನಾಗಿ ಆಯಿತು, ಗಡ್ಡೆಯನ್ನು ಬೇರುಸಮೇತ ತೆಗೆದಿದ್ದೇವೆ ಎಂದು ಡಾಕ್ಟರು ಫೋನಿನಲ್ಲಿ ತಿಳಿಸಿದರು. ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು ಎಂದಾಗ ‘ಸರಿ, ಸರಿ’ ಎಂದು ಇಟ್ಟುಬಿಟ್ಟೆ. ಇನ್ನು ಮೇಲೆ ನಮ್ಮಿಬ್ಬರಿಗೂ ಫೋನು ಉಪಯೋಗವಿಲ್ಲ, ಕಾಗದವೇ ಗತಿ.

ಧೈರ್ಯವಾಗಿರು. ಕಷ್ಟ ಕೊಟ್ಟವನು ದಾರಿಯನ್ನೂ ಇಟ್ಟಿರುತ್ತಾನೆ. ವಾರದ ಏಳು ದಿನಕ್ಕೆ ಬೈಬಲಿನ ಏಳು ವಾಕ್ಯಗಳನ್ನು ಕಾರ್ಡಿನಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ದಿನಕ್ಕೊಂದು ಓದಿಕೋ. ನಾನೇ ಬರಬೇಕೆಂದಿದ್ದೆ. ಆದರೆ ಈ ವೃದ್ಧಾಶ್ರಮದಲ್ಲಿ ನಮ್ಮ ಮೇಟ್ರನ್ ಸ್ವಭಾವ ನಿನಗೆ ಗೊತ್ತು. ನನ್ನ ಜೊತೆಯ ಇಬ್ಬರು ನರ್ಸುಗಳು ಜ್ವರದಲ್ಲಿ ಮಲಗಿರುವಾಗ ರಜೆಯ ಮಾತೆತ್ತಿದರೆ ಕಣ್ಣು ಕೆಂಪು ಮಾಡುತ್ತಾರೆ.

ಎಲ್ಲ ಸರಿಹೋಗುತ್ತದೆ.

ನಿನ್ನ ಅಕ್ಕ


ಜನವರಿ 24

ಅಕ್ಕಾ,

ಏಳು ಕಾರ್ಡುಗಳನ್ನೂ ವಾಪಸು ಕಳಿಸಿದ್ದೇನೆ. ವಾಕ್ಯಗಳ ಮೇಲೆ ನನಗೆ ಸಿಟ್ಟಿಲ್ಲ. ಅವನ್ನು ಮಾತ್ರೆಯ ಪೊಟ್ಟಣದ ಹಾಗೆ ಊಟದ ಮೊದಲು ಒಂದು, ಊಟವಾದ ಮೇಲೆ ಒಂದು ಎಂದು ಕಟ್ಟಿಕೊಟ್ಟೆಯಲ್ಲ, ಅದಕ್ಕೆ ಸಿಟ್ಟು.

ನಿಜ ಏನೆಂದು ಕೇಳು. ಕತ್ತಿನ ಬುಡದಲ್ಲಿ ತೂತು. ಉಸಿರು ಅಲ್ಲಿಂದ, ಕೆಮ್ಮು ಅಲ್ಲಿಂದ. ಬಿಸಿ ಚಹಾವನ್ನು ಊದಿ ಆರಿಸಲು ಬರುವುದಿಲ್ಲ. ಅನ್ನ ಸೀದರೂ ಮೂಗಿಗೆ ತಿಳಿಯುವುದಿಲ್ಲ. ಹತ್ತೊಂಬತ್ತು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಯಾವ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೂಗಿದವನನ್ನು ಈಗ ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ಹದಿನೇಳು ಕೊಡೆ, ಒಂಟಿ ಬೂಟು, ಯಾರದೋ ಹಲ್ಲುಸೆಟ್ಟು, ಆಮೇಲೆ ನಾನು. ಯಾರೂ ಕೇಳಿಕೊಂಡು ಬರದಿದ್ದರೆ ಆರು ತಿಂಗಳಿಗೆ ಎಲ್ಲವನ್ನೂ ವಿಲೇವಾರಿ ಮಾಡುವುದು ಇಲ್ಲಿನ ನಿಯಮ.

ನಿನ್ನೆಯಿಂದ ಮಾತಿನ ಪಾಠ ಶುರು. ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಗಾಳಿಯನ್ನು ನುಂಗಿ, ಅದನ್ನು ತೇಗಿನ ಹಾಗೆ ಮೇಲೆ ತಂದು, ಆ ತೇಗನ್ನೇ ಮಾತು ಮಾಡಬೇಕಂತೆ. ಊಟದ ಮುಂದೆ ತೇಗಿದರೆ ಅಮ್ಮ ಸೌಟು ತೋರಿಸುತ್ತಿದ್ದಳು. ಈಗ ಸರ್ಕಾರಿ ಆಸ್ಪತ್ರೆಯವರೇ ಕೂರಿಸಿಕೊಂಡು ತೇಗು ಕಲಿಸುತ್ತಿದ್ದಾರೆ.

ಮೇಟ್ರನ್‌ಗೆ ನನ್ನ ಪರವಾಗಿ ಒಂದು ತೇಗು ತಲುಪಿಸು.

ತಮ್ಮ


ಫೆಬ್ರವರಿ 3

ಪ್ರೀತಿಯ ತಮ್ಮಾ,

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಯಿಲೆಯಲ್ಲಿ ಎಲ್ಲರಿಗೂ ಹೀಗೆಯೇ, ದಿನಾ ನೋಡುತ್ತೇನೆ. ಕಾರ್ಡುಗಳನ್ನು ಎತ್ತಿಟ್ಟಿದ್ದೇನೆ, ಬೇಕಾದಾಗ ಕೇಳು. ಕತ್ತಿಗೆ ಕಟ್ಟಿಕೊಳ್ಳಲು ಮೆತ್ತಗಿನ ಹತ್ತಿಬಟ್ಟೆಯ ಆರು ತುಂಡು ಹೊಲಿದು ಕಳಿಸಿದ್ದೇನೆ. ಪಾಠ ತಪ್ಪಿಸಬೇಡ. ಎಲ್ಲ ಸರಿಹೋಗುತ್ತದೆ.

ಅಕ್ಕ


ಮಾರ್ಚ್ 18

ಅಕ್ಕಾ,

ಬಟ್ಟೆಗಳು ಚೆನ್ನಾಗಿವೆ. ಆರನ್ನೂ ಒಗೆದು ಒಗೆದು ಕಟ್ಟಿಕೊಳ್ಳುತ್ತಿದ್ದೇನೆ. ಆರು ವಾರ ಉತ್ತರ ಬರೆಯಲಿಲ್ಲ, ಅದಕ್ಕೆ ಕಾರಣ ಕೇಳಬೇಡ.

ಕಳೆದ ಮಂಗಳವಾರ ಡಾಕ್ಟರು ನನ್ನನ್ನು ಕರೆಸಿದರು. ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹೆಂಗಸೊಬ್ಬಳಿಗೆ ನನ್ನದೇ ಕಾಯಿಲೆ. ಮಾರುಕಟ್ಟೆಯವರು ಅವಳನ್ನು ಕಹಳೆ ಎಂದೇ ಕರೆಯುವುದು. ಆಪರೇಷನ್‌ಗೆ ಸುತರಾಂ ಒಪ್ಪುತ್ತಿಲ್ಲ. “ನೀವು ಹೋಗಿ ಎರಡು ಮಾತಾಡಿ” ಎಂದರು ಡಾಕ್ಟರು. ಒಳ್ಳೆಯವನನ್ನೇ ಹುಡುಕಿದ್ದೀರಿ ಎಂದು ಚೀಟಿಯಲ್ಲಿ ಬರೆದು ತೋರಿಸಿ ಮನೆಗೆ ಬಂದೆ. ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುರುವಾರ ಹೋದೆ.

ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ನನ್ನ ಕತ್ತಿನ ಬಟ್ಟೆ ನೋಡಿ, “ಓಹೋ, ನನ್ನ ಮನಸ್ಸು ತಿರುಗಿಸೋಕೆ ಬಂದವನು ನೀನೇನಾ? ಎಲ್ಲಿ, ಮಾತಾಡು ನೋಡೋಣ” ಎಂದಳು.

ಗಾಳಿ ನುಂಗಿದೆ. “ಭಯ... ನಂಗೂ... ಇತ್ತು.”

“ಅಯ್ಯೋ! ಕಪ್ಪೆ ವಟಗುಟ್ಟಿದ ಹಾಗಿದೆಯಲ್ಲೋ. ಇಂಥ ದನಿ ಇಟ್ಕೊಂಡು ಬದುಕ್ಬೇಕಾ?”

“ಕಪ್ಪೆ... ಬದುಕಿದೆ... ಅಲ್ವಾ.”

ಅವಳು ನಕ್ಕಳು. ವಾರ್ಡಿನ ಕಿಟಕಿಗಾಜು ಅದುರುವಂಥ ನಗು. ಆಮೇಲೆ ಒಂದೊಂದೇ ಕೇಳುತ್ತ ಹೋದಳು. ಮೀನು ತಿನ್ನಬಹುದಾ? ತಿನ್ನಬಹುದು, ರುಚಿ ಅರ್ಧ. ಸ್ನಾನ? ಕತ್ತಿಗೆ ನೀರು ಬೀಳದ ಹಾಗೆ. ಕೊನೆಗೆ ಗೋಡೆಯ ಕಡೆ ತಿರುಗಿ, “ಅತ್ರೆ?” ಎಂದಳು.

“ಶಬ್ದ... ಬರಲ್ಲ. ಅದೇ... ಕಷ್ಟ.”

“ಇಲ್ಲಿಗೆ ಬಂದವರೆಲ್ಲ ಏನೂ ಆಗಲ್ಲ, ಏನೂ ಆಗಲ್ಲ ಅಂತಲೇ ಹೇಳಿದ್ರು. ಆಗತ್ತೆ ಅಂತ ಹೇಳಿದವನು ನೀನೊಬ್ಬನೇ” ಎಂದಳು. ಮಾರನೇ ದಿನ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳಂತೆ.

ಇಷ್ಟು ದೊಡ್ಡ ಕಾಗದ ಬರೆದದ್ದು ಜಂಬಕ್ಕೆ. ಕ್ಷಮಿಸು.

ತಮ್ಮ


ಮಾರ್ಚ್ 29

ಪ್ರೀತಿಯ ತಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೇರೆಯವರಿಗೆ ಧೈರ್ಯ ಹೇಳುವುದಕ್ಕಿಂತ ದೊಡ್ಡ ಪ್ರೀತಿಯ ಸೇವೆ ಇಲ್ಲ. ಆದರೆ ಒಂದು ಮಾತು. ಅಳುವಿಗೆ ಶಬ್ದ ಬರುವುದಿಲ್ಲ ಎಂಬಂಥದ್ದನ್ನೆಲ್ಲ ಹೇಳಬಾರದಿತ್ತು. ಕಹಿ ಔಷಧಿಗೆ ಒಂದಿಷ್ಟು ಬೆಲ್ಲ ಬೇಕು. ನಾನು ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಎಲ್ಲರೂ ಒಪ್ಪುತ್ತಾರೆಂದಲ್ಲ. ಇಲ್ಲಿ ಒಬ್ಬ ಹಳೆಯ ಮೇಷ್ಟ್ರಿದ್ದಾರೆ, ಎರಡೂ ಕಣ್ಣು ಹೋಗುತ್ತಿದೆ. ನಿನ್ನೆ, “ಸಿಸ್ಟರ್, ದಿನಾ ಎಲ್ಲ ಸರಿಹೋಗತ್ತೆ ಅಂತೀರಲ್ಲ, ಯಾವ ತಾರೀಕಿಗೆ ಅಂತ ಹೇಳಿಬಿಡಿ, ಗುರುತು ಹಾಕ್ಕೋತೀನಿ” ಎಂದರು. ಇಂಥವರಿಗೆ ಏನು ಹೇಳುವುದು?

ರಜೆ ಈ ತಿಂಗಳೂ ಸಿಗಲಿಲ್ಲ.

ಅಕ್ಕ


ಮೇ 11

ಅಕ್ಕಾ,

ಕಹಳೆಯ ಆಪರೇಷನ್ ಆಯಿತು. ಬದುಕಿದಳು. ಆದರೆ ಮಾತಿನ ಪಾಠಕ್ಕೆ ಬರಲಿಲ್ಲ. ಎರಡು ವಾರ ನೋಡಿ ಮಾರುಕಟ್ಟೆಗೇ ಹೋದೆ. ಹರಾಜಿನ ಕಟ್ಟೆಯ ಮೇಲೆ ಬೇರೆ ಯಾರೋ ನಿಂತು ಕೂಗುತ್ತಿದ್ದರು. ಇವಳು ಹಿಂದೆ ಕೂತು ಐಸಿನ ಪೆಟ್ಟಿಗೆ ತೊಳೆಯುತ್ತಿದ್ದಳು. ನನ್ನನ್ನು ಕಂಡವಳೇ ಸ್ಲೇಟಿನ ಮೇಲೆ ‘ಹೋಗು’ ಎಂದು ಬರೆದಳು. ಹೋಗಲಿಲ್ಲ. ಪಕ್ಕದಲ್ಲಿ ಕೂತು ನಾನೂ ಒಂದು ಪೆಟ್ಟಿಗೆ ತೊಳೆದೆ. ಮುಂದಿನ ಮಂಗಳವಾರವೂ ‘ಹೋಗು’. ಆಗಲೂ ಪೆಟ್ಟಿಗೆ ತೊಳೆದೆ. ಮೂರನೇ ಮಂಗಳವಾರ ಸ್ಲೇಟನ್ನು ನನ್ನ ಮುಖಕ್ಕೆ ಹಿಡಿದಳು.

‘ನಾಲ್ಕು ಗೋಡೆ ಮಧ್ಯೆ ನನಗೆ ಧೈರ್ಯ ಹೇಳ್ತೀಯ. ನಾಲ್ಕು ಜನದ ಮುಂದೆ ನೀನು ಬಾಯಿ ಬಿಟ್ಟಿದ್ದೀಯಾ?’

ಬಿಟ್ಟಿರಲಿಲ್ಲ, ಅಕ್ಕಾ. ನಿಲ್ದಾಣದಲ್ಲಿ ಚೀಟಿ, ಅಂಗಡಿಯಲ್ಲಿ ಬೆರಳು, ಚರ್ಚಿನ ಸಭೆಯಲ್ಲಿ ಕೊನೆಯ ಬೆಂಚು. ಹಾಡುವಾಗ ತುಟಿ ಮಾತ್ರ ಆಡಿಸುತ್ತಿದ್ದೆ. ಅವಳು ಹೇಳಿದ್ದು ಸರಿ. ಅವಳಿಗೆ ಉಪದೇಶ ಕೊಟ್ಟು ನಾನು ಅಡಗಿ ಕೂತಿದ್ದೆ.

ಆ ಭಾನುವಾರವೇ ಸಭಾಪಾಲಕರ ಹತ್ತಿರ ಹೋಗಿ, ಆರಾಧನೆಯಲ್ಲಿ ಬೈಬಲ್ ಪಾಠ ಓದುವವರ ಪಟ್ಟಿಗೆ ನನ್ನ ಹೆಸರನ್ನು ಮತ್ತೆ ಸೇರಿಸಿ ಎಂದು ಕೇಳಿದೆ. ಡಿಸೆಂಬರಿನಲ್ಲಿ, ಆಪರೇಷನ್‌ಗೂ ಮೊದಲೇ, ನನ್ನನ್ನು ಕೇಳದೆಯೇ ತೆಗೆದಿದ್ದರು. ಜೂನ್ ಎರಡನೇ ಭಾನುವಾರ ನನ್ನ ಸರದಿ. ಕಹಳೆ ನಮ್ಮ ಸಭೆಯವಳಲ್ಲ, ಆದರೂ ಬರುತ್ತಾಳಂತೆ, ನಾನು ಮಾತಿಗೆ ತಪ್ಪುತ್ತೇನೋ ಎಂದು ನೋಡಲು.

ನೀನೂ ಬಾ. ಮೇಟ್ರನ್ ಒಪ್ಪದಿದ್ದರೆ ನಾನೇ ಬಂದು ಅವರ ಎದುರು ಮಾತಾಡುತ್ತೇನೆ. ಎರಡು ವಾಕ್ಯ ಕೇಳಿದರೆ ಸಾಕು, ಓಡಿಸುವುದಕ್ಕಾದರೂ ರಜೆ ಕೊಡುತ್ತಾರೆ.

ತಮ್ಮ


ಮೇ 20

ಪ್ರೀತಿಯ ತಮ್ಮಾ,

ಅವಸರ ಬೇಡ. ಆ ಹೆಂಗಸು ಸವಾಲು ಹಾಕಿದಳೆಂದು ಪೀಠದ ಮುಂದೆ ನಿಲ್ಲುವುದೇ? ಎಲ್ಲರೂ ನಿನ್ನ ಹಳೆಯ ಕಂಠವನ್ನು ನೆನಪಿಟ್ಟುಕೊಂಡಿದ್ದಾರೆ. ಆ ನೆನಪು ಹಾಗೆಯೇ ಇರಲಿ. ಇನ್ನೊಂದು ವರ್ಷ ಅಭ್ಯಾಸ ಮಾಡು, ಆಮೇಲೆ ನೋಡೋಣ. ಎಲ್ಲರಿಗಿಂತ ನಿನ್ನ ಹಿತ ಬಯಸುವವಳು ನಾನು.

ನನಗೆ ಬರಲಾಗುವುದಿಲ್ಲ.

ಅಕ್ಕ


ಜೂನ್ 16

ಅಕ್ಕನಿಗೆ,

ಮೊನ್ನೆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ, ನೀನು ಹೊಲಿದ ಬಟ್ಟೆಗಳಲ್ಲಿ ಬಣ್ಣ ಮಾಸದೆ ಉಳಿದಿದ್ದ ಒಂದನ್ನು ಕಟ್ಟಿಕೊಂಡು ಹೋದೆ. ಸಭೆಯ ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. “ನೋಡಪ್ಪಾ, ಮಕ್ಕಳು ಹೆದರ್ತಾರೆ. ನೀನು ಕೂತಲ್ಲೇ ಪ್ರಾರ್ಥನೆ ಮಾಡು, ದೇವರಿಗೆ ಕೇಳ್ಸತ್ತೆ.”

“ದೇವರಿಗೆ ಕೇಳ್ಸತ್ತೆ... ನಿಮಗೆ... ಕೇಳ್ಸಲಿ ಅಂತಲೇ...” ಎಂದು ಶುರು ಮಾಡಿದೆ. ನನಗೆ ಆ ಮಾತಿಗೆ ನಾಲ್ಕು ಗುಟುಕು ಗಾಳಿ ಬೇಕು. ಮೂರನೆಯದಕ್ಕೇ ಅವರು ಜೇಬಿನಿಂದ ಕಾಗದ ತೆಗೆದರು. “ನಾವು ಮಾತ್ರ ಹೇಳ್ತಿಲ್ಲ. ನಿಮ್ಮ ಅಕ್ಕನೇ ಸಭಾಪಾಲಕರಿಗೆ ಬರೆದಿದ್ದಾರೆ.”

ನಿನ್ನ ಅಕ್ಷರ. ‘ದಯವಿಟ್ಟು ಅವನು ಎಲ್ಲರೆದುರು ನಗೆಪಾಟಲಾಗುವುದನ್ನು ತಪ್ಪಿಸಿ.’ ಪೂರ್ಣವಿರಾಮವನ್ನು ಒತ್ತಿ ಹಾಕಿದ್ದೀಯ.

ಕಹಳೆ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಕಾಗದ ಓದಲಿಲ್ಲ, ನನ್ನ ಮುಖ ಓದಿದಳು. ಇವತ್ತೂ ಮಾತಿನ ಪಾಠಕ್ಕೆ ಬರಲಿಲ್ಲ. ಯಾಕೆ ಬರಬೇಕು?

ನನಗೆ ದನಿ ಹೋದಾಗ ಇಷ್ಟು ನೋವಾಗಿರಲಿಲ್ಲ. ಅದನ್ನು ತೆಗೆದವರು ಮೊದಲೇ ಹೇಳಿ, ಅರಿವಳಿಕೆ ಕೊಟ್ಟು ತೆಗೆದಿದ್ದರು.

ಒಂದು ವಿಷಯ ನಿನಗೆ ಬರೆದಿರಲಿಲ್ಲ. ಮೇಡಂ ಮೊದಲ ದಿನ ಮೂರು ಪದ ಕೊಟ್ಟರು: ಅಪ್ಪ, ಅಕ್ಕ, ಹತ್ತು. ಗಾಳಿ ನುಂಗಿದವರ ಬಾಯಿಗೆ ಇವೇ ಸುಲಭವಂತೆ. ಒಂದನ್ನು ಆರಿಸಿಕೊಳ್ಳಿ ಎಂದರು. ಯಾವುದನ್ನು ಆರಿಸಿದೆ ಎಂದು ನೀನೇ ಯೋಚಿಸು. ಐದು ತಿಂಗಳಿಂದ ಕೊಡೆಗಳ ಮುಂದೆ ಕೂತು ಅದನ್ನೇ ತಿದ್ದುತ್ತಿದ್ದೇನೆ. ನೀನು ಬಂದ ದಿನ ಬಾಯಿತುಂಬ ಕೂಗಬೇಕೆಂದಿದ್ದೆ.

ಇನ್ನು ನನಗೆ ಬರೆಯಬೇಡ.


ಜುಲೈ 30

ತಮ್ಮಾ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಓದದೆ ಹರಿದುಹಾಕಿದರೂ ಸರಿ, ಆದರೆ ಇದು ನಿನ್ನ ಕೋಣೆಗೆ ತಲುಪಬೇಕು.

ನನಗೆ ರಜೆ ಸಿಕ್ಕಿತ್ತು. ಫೆಬ್ರವರಿಯಲ್ಲೇ ಹತ್ತು ದಿನ. ಮೇಟ್ರನ್ ಕೇಳಿದ ಕೂಡಲೇ ಕೊಟ್ಟರು, ದಾರಿಗೆ ಹಣ್ಣನ್ನೂ ಕಟ್ಟಿಕೊಟ್ಟರು. ನೀನು ಅವರ ಮೇಲೆ ಮಾಡಿದ ಹಾಸ್ಯವನ್ನೆಲ್ಲ ಓದಿ ನಾನು ತುಟಿಪಿಟಕ್ ಎನ್ನಲಿಲ್ಲ. ಗಾಡಿ ಹತ್ತಿ ನಿನ್ನ ನಿಲ್ದಾಣದವರೆಗೆ ಬಂದೆ. ಇಳಿದೆ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಯಾರೋ ಗಾಡಿಯ ಹೊತ್ತು ಹೇಳಿದರು. ನಿನ್ನ ದನಿಯಲ್ಲ. ಅಷ್ಟೇ. ನನ್ನ ಕಾಲು ಮುಂದೆ ಬರಲಿಲ್ಲ. ಎರಡು ಪ್ಲಾಟ್‌ಫಾರ್ಮ್ ಆಚೆಯ ಕೋಣೆಯಲ್ಲಿ ನೀನು ಕೂತಿದ್ದೀಯ ಎಂದು ಗೊತ್ತಿದ್ದೂ ಮರಳಿ ಹೋಗುವ ಗಾಡಿ ಹತ್ತಿದೆ.

ನಿನಗೆ ಓದು ಕಲಿಸಿದವಳು ನಾನು. ಅಮ್ಮ ಹೋದ ಮೇಲೆ ನಿನ್ನ ದನಿ ಒಡೆದು ಗಂಡಸಿನ ದನಿಯಾದದ್ದನ್ನು ಕೇಳಿದವಳು ನಾನು. ಅದಿಲ್ಲದ ನಿನ್ನನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ನನ್ನ ಹತ್ತಿರ ಇಲ್ಲದ ಧೈರ್ಯವನ್ನು ನಿನಗೆ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದೆ. ಸಭಾಪಾಲಕರಿಗೆ ಬರೆದದ್ದೂ ಅದೇ ಹೇಡಿತನದಿಂದ. ನಗೆಪಾಟಲಾಗಬಾರದು ಎಂದದ್ದು ನಿನಗಾಗಿ ಅಲ್ಲ. ನೀನು ಓದುವ ದಿನ ನಾನು ಅಲ್ಲಿ ಕೂತು ಕೇಳಬೇಕಾಗುತ್ತದಲ್ಲ, ಅದಕ್ಕೆ.

ಸಭಾಪಾಲಕರಿಗೆ ಇನ್ನೊಂದು ಪತ್ರ ಹಾಕಿದ್ದೇನೆ. ಮೊದಲನೆಯದು ಸುಳ್ಳು, ಭಯದಿಂದ ಬರೆದದ್ದು, ಇದನ್ನು ಹಿರಿಯರೆಲ್ಲರ ಮುಂದೆ ಗಟ್ಟಿಯಾಗಿ ಓದಿ ಎಂದು ಬರೆದಿದ್ದೇನೆ. ಮಕ್ಕಳು ಹೆದರುತ್ತಾರೆ ಎನ್ನುವವರು ಮಕ್ಕಳನ್ನೇ ಕೇಳಲಿ ಎಂದೂ ಸೇರಿಸಿದ್ದೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಕ್ಕ


ಆಗಸ್ಟ್ 8

ಅಕ್ಕಾ,

ಹರಿಯಲಿಲ್ಲ. ಆದರೆ ಓದಿ ಎರಡು ಕೊಡೆಗಳನ್ನು ಗೋಡೆಗೆ ಎಸೆದೆ. ಒಂದರ ಕಡ್ಡಿ ಮುರಿದಿದೆ.

ಸಭಾಪಾಲಕರು ನಿನ್ನೆ ಕೋಣೆಗೆ ಬಂದಿದ್ದರು. ಕೌಂಟರಿನ ಆಚೆ ನಿಂತು, ಏನೋ ಕಳೆದುಕೊಂಡವರ ಹಾಗೆ ಸುತ್ತ ನೋಡಿದರು. ನಿನ್ನ ಪತ್ರ ಓದಿದ ಮೇಲೆ ಹಿರಿಯರ ಕೂಟದಲ್ಲಿ ದೊಡ್ಡ ಗಲಾಟೆಯಂತೆ. “ಈ ತಿಂಗಳ ಕೊನೆಯ ಭಾನುವಾರ ನಿಮ್ಮದು. ಯಾರು ಏನೇ ಅಂದ್ರೂ ಪಟ್ಟಿ ಬದಲಾಗಲ್ಲ” ಎಂದರು.

ನಿನ್ನನ್ನು ಕ್ಷಮಿಸಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನು ಕಾಗದದಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಬಾ. ಈ ಸಲ ಪ್ಲಾಟ್‌ಫಾರ್ಮ್ ದಾಟಿ ಬಾ. ಏನೂ ಹೇಳಬೇಡ, ಏನೂ ತರಬೇಡ. ಮುಂದಿನ ಬೆಂಚಿನಲ್ಲಿ ಕೂತು, ನಾನು ಓದಿ ಮುಗಿಸುವವರೆಗೆ ತಲೆ ತಗ್ಗಿಸದೆ ನನ್ನನ್ನೇ ನೋಡು. ಅಷ್ಟು ಮಾಡು.

ತಮ್ಮ


ಸೆಪ್ಟೆಂಬರ್ 4

ತಮ್ಮಾ,

ಬಂದು ತಲುಪಿದೆ. ಅಲ್ಲಿದ್ದಾಗ ಏನೂ ಹೇಳಬೇಡ ಎಂದಿದ್ದೆ, ಹೇಳಲಿಲ್ಲ. ಈಗ ಹೇಳುತ್ತೇನೆ.

ಆ ಕೋಣೆಯ ಬಾಗಿಲಲ್ಲಿ ನಾನು ನಿಂತಾಗ ನೀನು ಎದ್ದು “ಅಕ್ಕ” ಎಂದೆಯಲ್ಲ, ಅದು ನನಗೆ ಮೊದಲು ಮಾತು ಅನ್ನಿಸಲಿಲ್ಲ. ಮರದ ಬಾಗಿಲು ಕಿರುಗುಟ್ಟಿದ ಹಾಗಿತ್ತು. ನೀನು ಎರಡನೇ ಸಲ ಕರೆದಾಗ ತಿಳಿಯಿತು. ಕನ್ನಡಿಗೆ ಹೊದಿಸಿದ್ದ ಬಟ್ಟೆಯನ್ನೂ ನಿನ್ನ ಮನೆಯಲ್ಲಿ ಕಂಡೆ. ಎಂಟು ತಿಂಗಳ ಕಾಗದಗಳಲ್ಲಿ ನೀನೂ ಬರೆಯದ್ದು ಇತ್ತಲ್ಲ. ಹೊರಡುವ ದಿನ ಆ ಬಟ್ಟೆಯನ್ನು ನೀನೇ ತೆಗೆದು ಮಡಚಿಟ್ಟದ್ದನ್ನೂ ಕಂಡೆ.

ಭಾನುವಾರ ನೀನು ಓದತೊಡಗಿದ ಕೂಡಲೇ, ಅಂದು ನಿನ್ನನ್ನು ತಡೆದಿದ್ದ ಹಿರಿಯರು ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಅವರ ಚಿಕ್ಕ ಮಗಳು ಬಾಗಿಲವರೆಗೂ ಕತ್ತು ತಿರುಗಿಸಿ ನಿನ್ನನ್ನೇ ನೋಡುತ್ತಿದ್ದಳು. ಹೆದರಿರಲಿಲ್ಲ, ಇನ್ನೊಂದಿಷ್ಟು ಕೇಳುವ ಆಸೆಯಿತ್ತು ಆ ಮುಖದಲ್ಲಿ. ನಾಲ್ಕನೇ ಸಾಲಿನಲ್ಲಿ ನಿನ್ನ ಗಾಳಿ ಸಿಕ್ಕಿಬಿತ್ತು. ಬಾಯಿ ತೆರೆದಿದೆ, ದನಿ ಇಲ್ಲ. ಮುಂದಿನ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿಕೊಟ್ಟರೆ ಮುಗಿಯುತ್ತದೆ, ನಿನ್ನ ಕಷ್ಟವೂ ನನ್ನ ಕಷ್ಟವೂ. ಹಲ್ಲು ಕಚ್ಚಿ ಹಿಡಿದೆ. ತಲೆ ತಗ್ಗಿಸಲಿಲ್ಲ, ನೋಡಿದೆಯಲ್ಲ. ನನ್ನ ಪಕ್ಕದಲ್ಲಿ ಕಹಳೆ ನನ್ನ ಮೊಣಕೈಯನ್ನು ಮೀನು ಹಿಡಿದಂತೆ ಹಿಡಿದಿದ್ದಳು, ಇನ್ನೂ ಕಪ್ಪಗಿದೆ. ಆಮೇಲೆ ನೀನು ಮತ್ತೆ ನುಂಗಿ ಆ ಪದವನ್ನು ನೀನೇ ತಂದೆ.

ಸುಳ್ಳು ಹೇಳುವುದಿಲ್ಲ. ನಿನ್ನ ಹಳೆಯ ದನಿಯೇ ಚೆನ್ನಾಗಿತ್ತು. ಇದು ಒರಟು, ಕೇಳಲು ಶ್ರಮ. ಆದರೆ ಇಡೀ ಸಭೆ ಬೆಂಚಿನ ತುದಿಗೆ ಬಂದು ಕೂತು ಪಾಠ ಕೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನಿನ್ನೆ ಮೇಷ್ಟ್ರು ಕಣ್ಣಿನ ವಿಷಯ ಮತ್ತೆ ಕೇಳಿದರು. “ಸರಿಹೋಗಲ್ಲ ಮೇಷ್ಟ್ರೇ. ಸಂಜೆ ನಾನು ಬಂದು ಪೇಪರ್ ಓದ್ತೀನಿ” ಎಂದೆ. “ಸದ್ಯ, ಇವತ್ತಾದ್ರೂ ನಿಜ ಹೇಳಿದ್ರಿ. ಕುರ್ಚಿ ಎಳ್ಕೊಳ್ಳಿ” ಎಂದರು. ಅವರ ಜೊತೆ ಓದುವುದು ಸುಲಭವಲ್ಲ, ಉಚ್ಚಾರ ತಪ್ಪಿದರೆ ಬೈಯುತ್ತಾರೆ.

ಅಕ್ಕ


ಸೆಪ್ಟೆಂಬರ್ 17

ಅಕ್ಕಾ,

ನೀನು ಹೋದ ಮೇಲೆ ಮೂರು ಮನೆಯವರು ಸಹಿ ಮಾಡಿ ಅರ್ಜಿ ಕೊಟ್ಟಿದ್ದಾರೆ. ಓದಿದ್ದು ಒಂದು ಸಲಕ್ಕೆ ಸಾಕು, ಕನಿಕರ ತೋರಿಸಿದ್ದಾಯಿತು, ಇನ್ನು ಆರಾಧನೆಯ ಗಾಂಭೀರ್ಯ ಉಳಿಸಿ ಎಂದು. ಸಭಾಪಾಲಕರು ಅರ್ಜಿಯನ್ನು ನನ್ನ ಕೈಗೇ ಕೊಟ್ಟು, “ನೀವೇನಂತೀರಿ?” ಎಂದರು. ಅದರ ಹಿಂಬದಿಯಲ್ಲಿ ಮುಂದಿನ ಸರದಿಗೆ ನನ್ನ ಹೆಸರು ಬರೆದು ವಾಪಸು ಕೊಟ್ಟೆ.

ಕಹಳೆ ಈಗ ಪಾಠಕ್ಕೆ ತಪ್ಪುವುದಿಲ್ಲ. ಮೊನ್ನೆ ಅವಳ ಬಾಯಿಂದ ಮೊದಲ ಪದ ಬಂತು. ಬೈಗುಳ, ಅದನ್ನು ಇಲ್ಲಿ ಬರೆಯಲಾರೆ. ಮೇಡಂ ಚಪ್ಪಾಳೆ ತಟ್ಟಿದರು. ಆಪರೇಷನ್‌ಗೆ ಕಾದಿರುವವರು ಈಗ ವಾರ್ಡಿನಲ್ಲಿ ಇಬ್ಬರಿದ್ದಾರೆ. ಒಬ್ಬ ಟೈಲರ್, ಇನ್ನೊಬ್ಬಳು ಮದುವೆ ಗೊತ್ತಾಗಿದ್ದ ಹುಡುಗಿ. ಮಂಗಳವಾರ ನಾವಿಬ್ಬರೂ ಹೋಗಿ ಕೂರುತ್ತೇವೆ. ಆ ಹುಡುಗಿ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಕೂರುತ್ತೇವೆ.

ಹಾಂ, ಸಭೆಯಲ್ಲಿ ನಾನು ಓದುವ ಮುಂದಿನ ಪಾಠ ಯಾವುದು ಗೊತ್ತಾ? ವಂಶಾವಳಿ. ಇಂಥವನು ಇಂಥವನನ್ನು ಪಡೆದನು, ಅವನು ಇವನನ್ನು ಪಡೆದನು ಎಂದು ಪುಟಗಟ್ಟಲೆ ಹೆಸರುಗಳಿರುವ ಅಧ್ಯಾಯ. ಒಳ್ಳೆಯ ಗಂಟಲಿದ್ದವರೆಲ್ಲ ಏನೋ ನೆಪ ಹೇಳಿ ಜಾರಿಕೊಂಡರು. ನಾನು ಒಪ್ಪಿಕೊಂಡೆ. ಎಣಿಸಿದೆ, ನಲವತ್ತಕ್ಕೆ ಮೇಲಿವೆ. ಒಂದು ಹೆಸರಿಗೆ ಒಂದು ಗುಟುಕು, ಉದ್ದದವಕ್ಕೆ ಎರಡು. ನಡುವಿನ ಆರನ್ನು ಕಹಳೆ ಓದುತ್ತಾಳಂತೆ. ಅವಳು ನಮ್ಮ ಸಭೆಯವಳಲ್ಲ ಎಂದು ಹಿರಿಯರು ತಕರಾರು ತೆಗೆದರು. ಆ ಪಟ್ಟಿಯಲ್ಲಿರುವವರೂ ಯಾರೂ ಅಲ್ಲ ಎಂದೆ.

ಆ ದಿನ ಆರಾಧನೆ ಬಹಳ ತಡವಾಗುತ್ತದೆ. ಅವಸರವಿದ್ದವರು ಎದ್ದು ಹೋಗಲಿ. ನಾವು ಒಂದು ಹೆಸರನ್ನೂ ಬಿಡುವುದಿಲ್ಲ.

ತಮ್ಮ